ನಾಲ್ಕಾದ ಮೇಲೆ ನಾಲ್ಕು ಎ

ನಮ್ಮ ಬಸ್ ಡಿಪೋದಲ್ಲಿ ಆಯಮ್ಮನಿಗೆ ಹೆದರದವರು ಇಬ್ಬರೇ. ಒಬ್ಬರು ಡಿಪೋ ಮ್ಯಾನೇಜರು. ಅವರೂ ಹೆದರುತ್ತಿದ್ದರು, ಆದರೆ ಹುದ್ದೆಯ ಮರ್ಯಾದೆಗಾಗಿ ತೋರಿಸಿಕೊಳ್ಳುತ್ತಿರಲಿಲ್ಲ. ಇನ್ನೊಬ್ಬಳು ಟೈಂಕೀಪರನ ಮಗಳು, ಐದು ವರ್ಷದವಳು. ಆಯಮ್ಮ ಬೆಳಿಗ್ಗೆ ಮಕ್ಕಳ ಕೋಣೆಯ ಬೀಗ ತೆಗೆಯಲು ಬರುವ ಹೊತ್ತಿಗೆ ಅವಳು ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏಳು ನಿಮಿಷ ಲೇಟು" ಎನ್ನುತ್ತಿದ್ದಳು. ಗಡಿಯಾರ ನೋಡಲು ಅವಳಿಗೆ ಬರುತ್ತಿರಲಿಲ್ಲ. ಅವಳಪ್ಪ ಗೇಟಿನ ಗೂಡಿನಲ್ಲಿ ಕೂತು ದಿನಕ್ಕೆ ನಲವತ್ತು ಸಲ ಹೇಳುವ ಮಾತು ಅದು. ಬಾಗಿಲಲ್ಲಿ ಯಾರೇ ಕಂಡರೂ ಹಾಗೆಯೇ ಬರಮಾಡಿಕೊಳ್ಳಬೇಕೆಂದು ಅವಳು ತಿಳಿದುಕೊಂಡಿದ್ದಳು. ಡಿಪೋ ಪೂರ್ತಿ ಅವಳನ್ನು ಲೇಟಮ್ಮ ಎಂದೇ ಕರೆಯುತ್ತಿತ್ತು.

"ನಿಮ್ಮಪ್ಪಂಗೆ ಹೇಳಿ ನಂಗೊಂದು ಮೆಮೋ ಕೊಡಿಸಮ್ಮ" ಎನ್ನುತ್ತಾ ಆಯಮ್ಮ ಬೀಗ ತೆಗೆಯುತ್ತಿದ್ದಳು. ದಿನ ಶುರುವಾಗುತ್ತಿದ್ದದ್ದು ಹೀಗೆ.

ಮಕ್ಕಳ ಕೋಣೆ ಎಂದರೆ ಟೈರ್ ಗೋಡೌನಿಗೂ ಬಸ್ ತೊಳೆಯುವ ಕಟ್ಟೆಗೂ ನಡುವೆ ಇದ್ದ ಒಂದು ಉದ್ದನೆಯ ರೂಮು. ಮೊದಲು ಅಲ್ಲಿ ಹರಿದ ಸೀಟುಗಳನ್ನು ತುಂಬಿಡುತ್ತಿದ್ದರು. ಆಮೇಲೆ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳ ಚಿಕ್ಕ ಮಕ್ಕಳನ್ನು ಶಿಫ್ಟು ಮುಗಿಯುವವರೆಗೆ ನೋಡಿಕೊಳ್ಳಲು ಒಂದು ಜಾಗ ಬೇಕೆಂದಾಯಿತು. ಸೀಟು ಹೊರಗೆ ಹೋದವು, ಮಕ್ಕಳು ಒಳಗೆ ಬಂದರು. ಸೀಟಿನ ರೆಕ್ಸಿನ್ ಮಾತ್ರ ಉಳಿದುಕೊಂಡಿತು, ಅದನ್ನು ಕತ್ತರಿಸಿ ಹೊಲಿದು ಆಯಮ್ಮ ಮಕ್ಕಳಿಗೆ ಹಾಸಿಗೆ ಮಾಡಿದ್ದಳು. ಹನ್ನೊಂದು ಮಕ್ಕಳು, ಹನ್ನೊಂದು ಹಾಸಿಗೆ, ಗೋಡೆಗೆ ಚೀಲ ನೇತುಹಾಕಲು ಓಡುವ ಬಸ್ಸುಗಳ ನಂಬರು ಬರೆದ ಮೊಳೆಗಳು. ಒಂದೇ ಮನೆಯ ಎರಡನೆಯ ಮಗು ಬಂದರೆ ಹೊಸ ನಂಬರು ಇರಲಿಲ್ಲ. ಅಣ್ಣನದು ಐದಾದರೆ ತಂಗಿಯದು ಐದು ಎ.

ಆಯಮ್ಮ ಶಾಲೆ ಕಂಡದ್ದು ಎರಡನೇ ಕ್ಲಾಸಿನವರೆಗೆ. ಅಕ್ಷರಗಳು ಅವಳನ್ನು ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಅಂಕಿಗಳು ಮಾತ್ರ ತಿರುಗಿ ಬಂದಿದ್ದವು, ಅದೂ ಕೈಯ ಮೂಲಕ. ಇಪ್ಪತ್ತೆರಡು ವರ್ಷ ಅವಳು ಪಕ್ಕದ ಕಟ್ಟೆಯಲ್ಲಿ ಬಸ್ಸು ತೊಳೆದವಳು. ಬಸ್ಸಿನ ಹಣೆಯ ಮೇಲಿನ ನಂಬರ್ ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ, ಒಂದಕ್ಕೆ ಒಂದೇ ಎಳೆತ, ಎಂಟಕ್ಕೆ ಎರಡು ಸುತ್ತು ಎಂದು ಕೈಗೆ ಗೊತ್ತಾಗಿಬಿಟ್ಟಿತ್ತು. ಮಂಡಿ ಕೈಕೊಟ್ಟ ಮೇಲೆ ಹಿಂದಿನ ಮ್ಯಾನೇಜರು ಅವಳನ್ನು ಈ ಕೋಣೆಗೆ ಹಾಕಿದರು. ಅವಳು ಮಕ್ಕಳಿಗೂ ಹಾಗೆಯೇ ಕಲಿಸಿದಳು. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಅಂಕಿ ಬರೆದು, ಒದ್ದೆ ಬಟ್ಟೆ ಕೊಟ್ಟು, "ಎಲ್ಲಿ, ಒರೆಸು ನೋಡೋಣ" ಎನ್ನುತ್ತಿದ್ದಳು. ಬೇರೆ ಕಡೆ ಮಕ್ಕಳು ಅಂಕಿ ಬರೆದು ಕಲಿಯುತ್ತವೆ. ನಮ್ಮ ಡಿಪೋದ ಮಕ್ಕಳು ಅಳಿಸಿ ಕಲಿತವು.

ಒರೆಸುವ ಪಾಠ ಮುಗಿದ ಮೇಲೆ ಕಿಟಕಿಯ ಪಾಠ. ಕಿಟಕಿಯ ಎದುರಿಗೇ ಬಸ್ಸುಗಳು ಹೊರಡುವ ದಾರಿ. "ಅಲ್ಲಿ ಬಂತು ನೋಡು, ಯಾವುದು?" ಎಂದು ಆಯಮ್ಮ ಕೇಳುವುದು, ಮಕ್ಕಳು ಕೂಗುವುದು.

ನಾನು ಆಗ ಡಿಪೋ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಆ ಕೋಣೆಗೆ ಹೋದರೆ ಹೊಟ್ಟೆ ತುಂಬ ನಗು ಸಿಗುತ್ತಿತ್ತು. ಮೆಕ್ಯಾನಿಕ್ಕನ ಮಗ ಯಾವ ಮೇಜು ಕಂಡರೂ ಅಂಗಾತ ಮಲಗಿ ಅದರಡಿಗೆ ಜಾರುತ್ತಿದ್ದ. ಒಬ್ಬ ಡ್ರೈವರನ ಮಗ ಹಿಂದಕ್ಕೆ ನಡೆಯುವುದನ್ನು ಮುಂದಕ್ಕೆ ನಡೆಯುವಷ್ಟೇ ಚೆನ್ನಾಗಿ ಕಲಿತಿದ್ದ. ಆದರೆ ಯಾರಾದರೂ ಹಿಂದೆ ನಿಂತು ಗೋಡೆ ತಟ್ಟುತ್ತಾ "ಬರ್ಲಿ, ಬರ್ಲಿ, ಬರ್ಲಿ, ಸಾಕು" ಎನ್ನದಿದ್ದರೆ ಹೆಜ್ಜೆ ಎತ್ತುತ್ತಿರಲಿಲ್ಲ. ಅವನ ಹೆಸರು ರಿವರ್ಸು. ಕಂಡಕ್ಟರಮ್ಮನ ಮಗಳು ಕೋಣೆಯಲ್ಲಿ ಇಬ್ಬರು ಒಟ್ಟಿಗೆ ನಿಂತರೆ ಸಾಕು, ಬೆನ್ನಿಗೆ ಎರಡೂ ಅಂಗೈ ಕೊಟ್ಟು, "ಮುಂದ್ಹೋಗಿ, ಮುಂದ್ಹೋಗಿ, ಜಾಗ ಐತೆ" ಎಂದು ತಳ್ಳುತ್ತಿದ್ದಳು. ಅವಳು ಮುಂದ್ಹೋಗಿ ಎಂದೇ ಹೆಸರಾದಳು. ಆಟಕ್ಕೆ ಎಲ್ಲರೂ ಡ್ರೈವರು, ಕಂಡಕ್ಟರು, ಚೆಕ್ಕಿಂಗ್ ಸಾಹೇಬರು. ಪ್ಯಾಸೆಂಜರ್ ಆಗಲು ಒಂದು ಮಗುವೂ ಒಪ್ಪುತ್ತಿರಲಿಲ್ಲ. ಹಾಗಾಗಿ ಆಯಮ್ಮನೇ ದಿನವೂ ಕಾಲು ಚಾಚಿ ಕೂತು ಊರೂರು ತಿರುಗಿ ಬರಬೇಕಾಗುತ್ತಿತ್ತು.

ಮಲಗಿಸುವುದಕ್ಕೆ ಲಾಲಿ ಬೇಕಿರಲಿಲ್ಲ. ಹೊರಗೆ ಒಂದು ಇಂಜಿನ್ ಗುರುಗುಟ್ಟುತ್ತಿದ್ದರೆ ಹನ್ನೊಂದೂ ಮಕ್ಕಳು ನಿದ್ದೆ ಹೋಗುತ್ತಿದ್ದವು. ಇಂಜಿನ್ ಬಂದ್ ಮಾಡಿದರೆ ಹನ್ನೊಂದೂ ಒಟ್ಟಿಗೆ ಎದ್ದು ಕೂರುತ್ತಿದ್ದವು.

ನಾನು ಕುರಿ ಎಣಿಸಿ ಲೆಕ್ಕ ಕಲಿತವನು. ಇಂದಿಗೂ ಇಪ್ಪತ್ತು ದಾಟಿದರೆ ಒಂದು ಕಲ್ಲನ್ನು ಜೇಬಿಗೆ ಹಾಕಬೇಕೆನ್ನಿಸುತ್ತದೆ. ಆದ್ದರಿಂದ ಆ ಕೋಣೆಯಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ತಪ್ಪು ಕಂಡದ್ದು ರಸ್ತೆಯಾಚೆಯ ಶಾಲೆಯ ದೊಡ್ಡ ಮೇಡಂ ಅವರಿಗೆ.

ಆ ವರ್ಷ ಲೇಟಮ್ಮ, ರಿವರ್ಸು, ಮುಂದ್ಹೋಗಿ ಮೂವರನ್ನೂ ಒಂದನೇ ಕ್ಲಾಸಿಗೆ ಸೇರಿಸಬೇಕಾಗಿತ್ತು. ಅಪ್ಪ ಅಮ್ಮಂದಿರೆಲ್ಲ ಡ್ಯೂಟಿಯಲ್ಲಿದ್ದರು. ಲೇಟಮ್ಮನ ಅಮ್ಮ ಒಬ್ಬಳೇ ಬಂದಿದ್ದಳು. ಅರ್ಜಿ ತುಂಬಿಸಲು ನನ್ನನ್ನೂ ಕಳಿಸಿದ್ದರು. ದೊಡ್ಡ ಮೇಡಂ ಬಹಳ ಒಳ್ಳೆಯವರು, ಕನ್ನಡಕದ ಮೇಲಿನಿಂದ ನೋಡುವವರು. ಲೇಟಮ್ಮನನ್ನು ಹತ್ತಿರ ಕರೆದು, "ಎಲ್ಲಿ ಪುಟ್ಟಿ, ಒಂದರಿಂದ ಹತ್ತರವರೆಗೆ ಹೇಳು" ಎಂದರು.

ಲೇಟಮ್ಮ ಕೈಕಟ್ಟಿ ನಿಂತು ಧೈರ್ಯವಾಗಿ ಹೇಳಿದಳು: "ಒಂದು, ಎರಡು, ನಾಲ್ಕು, ನಾಲ್ಕು ಎ, ಐದು, ಏಳು, ಎಂಟು, ಒಂಬತ್ತು, ಒಂಬತ್ತು ಎ, ಒಂಬತ್ತು ಬಿ, ಹತ್ತು."

ಮೇಡಂ ಕನ್ನಡಕ ತೆಗೆದರು. "ಮೂರು ಎಲ್ಲಿ ಹೋಯ್ತು?"

"ಮೂರು ನಿಲ್ಲಿಸಿಬಿಟ್ಟಿದಾರೆ ಮೇಡಂ. ಗುಡ್ಡದ ಮೇಲೆ ಜನ ಇಲ್ಲ."

"ಆರು?"

"ಆರು ಬರಲ್ಲ. ಸೇತುವೆ ಬಿದ್ದೋಗಿದೆ."

ಲೇಟಮ್ಮನ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಡಂ ರಿವರ್ಸನ ಕಡೆ ತಿರುಗಿ, "ನೀನು ಹೇಳಪ್ಪ, ಎರಡಾದ ಮೇಲೆ ಏನು ಬರತ್ತೆ?" ಎಂದು ಕೇಳಿದರು. ಅವನು ಬಹಳ ಯೋಚಿಸಿ, "ಕೆಲವು ಸಲ ಹನ್ನೆರಡು ಮೊದಲು ಬಂದುಬಿಡತ್ತೆ" ಎಂದ. ಅಷ್ಟರಲ್ಲಿ ಮುಂದ್ಹೋಗಿಗೆ ಬಾಗಿಲಲ್ಲಿ ಸಾಲಾಗಿ ನಿಂತಿದ್ದ ಬೇರೆ ಮಕ್ಕಳು ಕಣ್ಣಿಗೆ ಬಿದ್ದು, ಅವಳು ಅವರೆಲ್ಲರನ್ನೂ ಬೆನ್ನು ಹಿಡಿದು ಒಳಗೆ ತಳ್ಳಿ ಆಗಿತ್ತು. ಮೇಡಂ ಮೇಜಿನ ಸುತ್ತ ಎಂಟು ಜನ ತುಂಬಿಕೊಂಡರು.

ಎರಡು ದಿನ ಬಿಟ್ಟು ಶಾಲೆಯಿಂದ ಕಾಗದ ಬಂತು. ನಿಮ್ಮ ಡಿಪೋದ ಮಕ್ಕಳು ಚುರುಕಾಗಿದ್ದಾರೆ, ಆದರೆ ಎಣಿಕೆ ಪೂರ್ತಿ ತಪ್ಪಾಗಿದೆ, ಸಾಲಿನಲ್ಲಿ ನಿಲ್ಲುವುದು ಗೊತ್ತಿಲ್ಲ, ಅವರನ್ನು ನೋಡಿಕೊಳ್ಳುವವರಿಗೆ ತರಬೇತಿ ಆಗಿದೆಯೇ ತಿಳಿಸಿ, ಒಂದು ತಿಂಗಳ ನಂತರ ಮಕ್ಕಳನ್ನು ಮತ್ತೆ ನೋಡುತ್ತೇವೆ ಎಂದಿತ್ತು.

ಮ್ಯಾನೇಜರು ಆಯಮ್ಮನನ್ನು ಕರೆಸಿದರು. ಕಾಗದ ಓದಿ ಹೇಳಿದ್ದು ನಾನು. ಕೇಳುತ್ತಾ ಕೇಳುತ್ತಾ ಅವಳ ಮುಖ ಬಿಗಿಯಿತು.

"ಆಯಮ್ಮ, ನೋಡಿ, ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ" ಎಂದರು ಮ್ಯಾನೇಜರು. "ಒಂದು ತಿಂಗಳಲ್ಲಿ ಮಕ್ಕಳು ಸರಿಯಾಗಿ ಎಣಿಸ್ಲಿಲ್ಲ ಅಂದ್ರೆ, ಟ್ರೈನಿಂಗ್ ಆದವರನ್ನೇ ಆ ಕೋಣೆಗೆ ಹಾಕಬೇಕಾಗತ್ತೆ. ನಿಮಗೆ ಮತ್ತೆ ತೊಳೆಯೋ ಕಟ್ಟೆ. ಬೇರೆ ಜಾಗ ನನ್ನ ಹತ್ರ ಇಲ್ಲ."

"ಮೂರನ್ನ ನಿಲ್ಲಿಸಿದ್ದು ಯಾರು ಸಾರ್? ನಾನಾ?"

ಮ್ಯಾನೇಜರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

"ಗುಡ್ಡಕ್ಕೆ ಹೋಗೋ ಬಸ್ಸು ನೀವು ನಿಲ್ಲಿಸಿದ್ರಿ. ಆ ಮಗು ಬುದ್ಧಿ ಬಂದಾಗಿನಿಂದ ಮೂರು ಕಂಡಿಲ್ಲ. ಇಲ್ಲದ್ದನ್ನ ಅದು ಎಲ್ಲಿಂದ ಎಣಿಸ್ಬೇಕು? ನಾನು ಬಾಯಲ್ಲಿ ಮೂರು ಅಂತೀನಿ, ಕಿಟಕಿ ಇಲ್ಲ ಅನ್ನತ್ತೆ. ಮಕ್ಕಳು ಯಾರ ಮಾತು ನಂಬ್ತವೆ ಹೇಳಿ?"

ಹೀಗೆ ಜೋರಾಗಿಯೇ ಮಾತಾಡಿ ಹೊರಗೆ ಬಂದಳು. ಹೊರಗೆ ಕಂಡಕ್ಟರಮ್ಮ ಕಾಯುತ್ತಿದ್ದಳು, ಮುಂದ್ಹೋಗಿಯ ಅಮ್ಮ. ಟಿಕೆಟ್ ಚೀಲ ಇನ್ನೂ ಹೆಗಲಲ್ಲೇ ಇತ್ತು. "ನಮ್ಮ ಮಕ್ಕಳನ್ನ ನಿನ್ನ ಮಡಿಲಿಗೆ ಹಾಕಿ ಹೋದ್ವಲ್ಲ ಆಯಮ್ಮ, ಒಂದು ಎರಡು ಮೂರು ಕಲಿಸೋಕೂ ಆಗ್ಲಿಲ್ವಾ? ಶಾಲೇಲಿ ನನ್ನ ಮಗಳನ್ನ ಒರಟು ಅಂದ್ರಂತೆ."

ಆಯಮ್ಮನಿಗೆ ಎದುರು ಮಾತು ಬೇಕಾದಷ್ಟು ಇತ್ತು. 'ಆ ತಳ್ಳಾಟ ಅವಳು ಕಲಿತದ್ದು ಯಾರನ್ನ ನೋಡಿ' ಎಂದು ಕೇಳಬಹುದಿತ್ತು. ಅವಳು ಕೇಳಲಿಲ್ಲ. ಮಕ್ಕಳ ಕೋಣೆಯ ಕಡೆ ನಡೆದಳು.

ಆ ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ಅವಳು ತೊಳೆಯುವ ಕಟ್ಟೆಗೆ ಹೋದದ್ದನ್ನು ನಾನು ಆಫೀಸಿನ ಕಿಟಕಿಯಿಂದ ನೋಡಿದೆ. ಅಲ್ಲಿ ಅವಳ ಹಳೆಯ ಗೆಳತಿ ಪೈಪಕ್ಕ ಬಸ್ಸಿಗೆ ನೀರು ಬಿಡುತ್ತಿದ್ದಳು. ಆಯಮ್ಮ ಅವಳ ಕೈಯಿಂದ ಬ್ರಷ್ಷು ತೆಗೆದುಕೊಂಡು, ಚಕ್ರ ಉಜ್ಜಲು ಕುಕ್ಕರಗಾಲಲ್ಲಿ ಕೂತಳು. ಕೂತವಳು ಏಳಲಾಗಲಿಲ್ಲ. ಪೈಪಕ್ಕ ಪೈಪು ಬಿಸಾಕಿ ಕಂಕುಳಿಗೆ ಕೈಕೊಟ್ಟು ಎಬ್ಬಿಸಬೇಕಾಯಿತು.

"ಏನೇ ಇದು, ನಿಂಗೇನಾಯ್ತು?"

"ಏನಿಲ್ಲ ಕಣೆ. ಸುಮ್ನೆ ನೋಡ್ದೆ."

ಮಂಡಿಯ ಮೇಲಿನ ಒದ್ದೆಯನ್ನು ಒರೆಸಿಕೊಳ್ಳುತ್ತಾ ಅವಳು ಮಕ್ಕಳ ಕೋಣೆಗೆ ತಿರುಗಿ ಹೋದಳು. ಮೂವತ್ತು ಹೆಜ್ಜೆಯ ದಾರಿ. ಎರಡು ಕಡೆ ನಿಂತಳು.

ಮಾರನೆಯ ದಿನದಿಂದ ಪಾಠ ಶುರುವಾಯಿತು. ಓದಿದವನು ಎಂಬ ಕಾರಣಕ್ಕೆ ನಾನೂ ಕೈಹಾಕಿದೆ. ಪೇಟೆಯಿಂದ ಬಣ್ಣದ ಚಾರ್ಟ್ ತಂದೆ. ಒಂದಕ್ಕೆ ಹಣ್ಣು, ಎರಡಕ್ಕೆ ಕೊಡೆ, ಮೂರಕ್ಕೆ ಬಾತುಕೋಳಿ, ಹೀಗೆ ಇಪ್ಪತ್ತರವರೆಗೆ. ಗೋಡೆಗೆ ಅಂಟಿಸಿ, ಕೋಲು ಹಿಡಿದು, "ಇದೇನು?" ಎಂದು ಕೇಳಿದೆ.

ಮಕ್ಕಳು ಚಾರ್ಟನ್ನು ಬಹಳ ಹೊತ್ತು ನೋಡಿದವು. ಕೊನೆಗೆ ರಿವರ್ಸು ಕೇಳಿದ: "ಮೂರು ಈಗ ಬಾತುಕೋಳಿಗೆ ಹೋಗತ್ತಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಕಂಡ ಬೋರ್ಡಿನಲ್ಲೆಲ್ಲ ಎಡಗಡೆ ನಂಬರು, ಬಲಗಡೆ ಹೋಗುವ ಜಾಗ. ನನ್ನ ಚಾರ್ಟಿನಲ್ಲೂ ಎಡಗಡೆ ನಂಬರು, ಬಲಗಡೆ ಬಾತುಕೋಳಿ. ಅಷ್ಟೇ ಅಲ್ಲ, ಅದರಲ್ಲಿ ವಾಪಸ್ ಬರುವ ದಾರಿ ಬರೆದಿಲ್ಲವೆಂದು ಲೇಟಮ್ಮ ತಕರಾರು ತೆಗೆದಳು.

"ನಿನ್ನ ಓದು ಚೆನ್ನಾಗೈತೆ ಟೈಪಪ್ಪ" ಎಂದಳು ಆಯಮ್ಮ. ನನ್ನನ್ನು ಅವಳು ಕರೆಯುತ್ತಿದ್ದದ್ದು ಹಾಗೆ. "ಆದ್ರೆ ಇವು ಗೋಡೆ ನೋಡ್ಕೊಂಡು ಬೆಳೆದ ಮಕ್ಕಳಲ್ಲ, ಕಿಟಕಿ ನೋಡ್ಕೊಂಡು ಬೆಳೆದವು."

ವಾರ ಕಳೆಯಿತು. ಬಾಯಿಪಾಠ ಮಾಡಿಸಿದರೆ ಇಪ್ಪತ್ತರವರೆಗೆ ಒಪ್ಪಿಸುತ್ತಿದ್ದವು, ಆದರೆ ಮೂರು ಬಂದಾಗ ದನಿ ಇಳಿಸುತ್ತಿದ್ದವು, ಸತ್ತವರ ಹೆಸರು ಹೇಳಿದ ಹಾಗೆ. ಚಪ್ಪಲಿ ಕೊಟ್ಟು ಎಣಿಸು ಎಂದರೆ ಮತ್ತೆ ಎರಡರಿಂದ ನಾಲ್ಕಕ್ಕೇ ಹಾರುತ್ತಿದ್ದವು. ಆಯಮ್ಮ ಊಟ ಕಡಿಮೆ ಮಾಡಿದಳು. ಆಟದಲ್ಲಿ ಪ್ಯಾಸೆಂಜರ್ ಆಗಿ ಕೂತಿದ್ದಾಗಲೂ ಅವಳ ತುಟಿ ಏನನ್ನೋ ಎಣಿಸುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಅವಳು ನನ್ನ ಮೇಜಿಗೆ ಬಂದು ನಿಂತಳು. "ಟೈಪಪ್ಪ, ಒಂದು ಅರ್ಜಿ ಹೊಡೆದುಕೊಡು. ಸ್ಟೋರ್‌ನಲ್ಲಿ ಮೂರರ ಬೋರ್ಡು, ಆರರ ಬೋರ್ಡು ಬಿದ್ದಿವೆ. ನಂಗೆ ಬೇಕು."

"ಏನಂತ ಬರೀಲಿ?"

"ಇದ್ದದ್ದನ್ನೇ ಬರಿ. ಮಕ್ಕಳಿಗೆ ಮೂರು ಬೇಕಾಗಿದೆ."

ಬರೆದೆ. ಸ್ಟೋರಿನ ಯಜಮಾನರು ಆ ಕಾಗದವನ್ನು ಬೆಳಕಿಗೆ ಹಿಡಿದು ಓದಿದರು, ತಿರುಗಿಸಿ ಬೆನ್ನು ನೋಡಿದರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಇಂಥದ್ದು ಬಂದಿರಲಿಲ್ಲ. "ಬ್ರೇಕ್ ಲೈನಿಂಗ್ ಬೇಕು ಅಂದ್ರೆ ಯಾವ ಬಸ್ಸಿಗೆ ಅಂತ ಬರೀತಾರೆ. ಇದಕ್ಕೆ ಯಾವ ಮಗುಗೆ ಅಂತ ಬರೀಬೇಕಲ್ಲ" ಎಂದರು. ಆಯಮ್ಮ ಬೆರಳು ಮಡಚಿ ಹನ್ನೊಂದು ಮಕ್ಕಳ ಹೆಸರನ್ನೂ ಹೇಳತೊಡಗಿದಳು. ನಾಲ್ಕನೆಯ ಹೆಸರಿಗೆ ಅವರು ಬೀಗದ ಕೈ ತೆಗೆದುಕೊಂಡರು.

ಮುಂದಿನದು ಪೈಪಕ್ಕನ ಕೆಲಸ. ಬೆಳಿಗ್ಗೆ ಹತ್ತು ಗಂಟೆಯಿಂದ ಹನ್ನೆರಡರವರೆಗೆ ಬಸ್ಸುಗಳು ತೊಳೆಸಿಕೊಳ್ಳಲು ಬರುತ್ತಿದ್ದವು, ಯಾವುದು ಮೊದಲು ಬಂತೋ ಅದಕ್ಕೆ ಮೊದಲು ನೀರು. ಪೈಪಕ್ಕ ಈಗ ಹೊಸ ಕಾನೂನು ಮಾಡಿದಳು. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು. ರೂಟಿಲ್ಲದ ಒಂದು ಸ್ಪೇರ್ ಬಸ್ಸಿಗೆ ಮೂರರ ಬೋರ್ಡು ಸಿಕ್ಕಿಸುವುದು, ಇನ್ನೊಂದಕ್ಕೆ ಆರರದು. ತೊಳೆದ ಬಸ್ಸು ಮಕ್ಕಳ ಕಿಟಕಿಯ ಮುಂದೆ ಒಂದು ನಿಮಿಷ ನಿಂತೇ ಹೋಗಬೇಕು. ಎ, ಬಿ ಎಲ್ಲ ಕೊನೆಗೆ.

ಡ್ರೈವರುಗಳು ಬಾಯಿ ಬಡಿದುಕೊಂಡರು. "ನಂದು ಹದಿನಾಲ್ಕು, ನಾನು ಬೇಗ ಬಂದಿದೀನಿ, ಮೊದಲು ತೊಳೆದು ಬಿಡಕ್ಕ."

"ಹದಿಮೂರು ಬರ್ಲಿ ಇರು."

"ಹದಿಮೂರು ಇನ್ನೂ ಊರಾಚೆ ಇದೆ!"

"ಹಾಗಾದ್ರೆ ಕೆಳಗಿಳಿದು ನೀನೂ ಎಣಿಸ್ತಾ ಕೂತಿರು. ನಿನ್ನ ಮಗಂಗೂ ಬರಲ್ಲ, ಇಬ್ಬರೂ ಒಟ್ಟಿಗೆ ಕಲೀರಿ."

ಇದನ್ನು ಕೇಳಿಸಿಕೊಂಡ ಡ್ರೈವರು ರಿವರ್ಸನ ಅಪ್ಪನೇ. ಅವನು ಬೀಡಿ ಹಚ್ಚಿಕೊಂಡು ಕೂತ.

ಮೊದಲ ದಿನ ಕಿಟಕಿಯ ಮುಂದೆ ಮೂರರ ಬೋರ್ಡಿನ ಬಸ್ಸು ಬಂದು ನಿಂತಾಗ ಮಕ್ಕಳು ಕೂಗಲಿಲ್ಲ. ಹೊಸ ನೆಂಟರು ಬಂದಾಗ ಮಾಡುವಂತೆ ಒಬ್ಬರ ಹಿಂದೆ ಒಬ್ಬರು ಅಡಗಿ ನೋಡಿದವು. ಲೇಟಮ್ಮ ಮಾತ್ರ, "ನಾಲ್ಕು ವರ್ಷ ಲೇಟು" ಎಂದಳಂತೆ. ಇದು ಆಯಮ್ಮ ಹೇಳಿದ ಮಾತು, ಅವಳು ಸ್ವಲ್ಪ ಸೇರಿಸಿ ಹೇಳುತ್ತಾಳೆ. ಆದರೆ ಹತ್ತು ದಿನದೊಳಗೆ ಮಕ್ಕಳು ಒಂದು, ಎರಡು, ಮೂರು ಎಂದು ನಿಲ್ಲದೆ ಕೂಗುವುದನ್ನು ನಾನೇ ಕೇಳಿದೆ. ಚಪ್ಪಲಿಯನ್ನೂ ಹಾಗೆಯೇ ಎಣಿಸಿದವು.

ಆಯಮ್ಮ ಊಟ ಸರಿಯಾಗಿ ಮಾಡತೊಡಗಿದಳು. ಆಗಲೇ ಎಡವಟ್ಟಾಯಿತು.

ಪರೀಕ್ಷೆಗೆ ಒಂದು ವಾರವಿತ್ತು. ಹದಿನಾಲ್ಕರ ಬಸ್ಸಿನ ಕ್ಲಚ್ಚು ಹೋಯಿತು. ರಿವರ್ಸನ ಅಪ್ಪ ಅವಸರದಲ್ಲಿ ಸ್ಪೇರ್ ಬಸ್ಸನ್ನು ತೆಗೆದುಕೊಂಡು ಹೊರಟ. ಹಿಂದಿನ ಬಾಗಿಲಲ್ಲಿ ಕಂಡಕ್ಟರಮ್ಮ ಹತ್ತಿದಳು. ಇಬ್ಬರಲ್ಲಿ ಒಬ್ಬರೂ ಬಸ್ಸಿನ ಹಣೆ ನೋಡಲಿಲ್ಲ. ಹಣೆಯ ಮೇಲೆ ಮೂರು ಇತ್ತು.

ಆಮೇಲೆ ನಡೆದದ್ದನ್ನು ಕಂಡಕ್ಟರಮ್ಮ ಕ್ಯಾಂಟೀನಿನಲ್ಲಿ ಕೈಬೀಸಿ ಬೀಸಿ ಹೇಳಿದಳು. ಪೇಟೆಯ ಸ್ಟಾಪಿನಲ್ಲಿ ಬಸ್ಸು ನಿಂತದ್ದೇ ತಡ, ಗುಡ್ಡದ ಮೇಲಿನ ಕಾಲೋನಿಯ ಹದಿನೇಳು ಜನ ಹತ್ತಿಬಿಟ್ಟರು. ಕೈಯಲ್ಲಿ ಗ್ಯಾಸ್ ಸಿಲಿಂಡರು, ತಲೆಯ ಮೇಲೆ ಮೂಟೆ, ಒಬ್ಬರ ಕಂಕುಳಲ್ಲಿ ಮಗು. "ಇದು ಮೂರಲ್ಲ, ಇಳೀರಿ" ಎಂದರೆ, "ಬೋರ್ಡು ನೋಡಮ್ಮ, ಓದೋಕೆ ಬರಲ್ವಾ?" ಎಂದರು.

"ನಂಗೆ ಓದೋಕೆ ಬರಲ್ವಾ ಅಂತ ಕೇಳಿದ್ರು! ಹದಿನೈದು ವರ್ಷ ಸರ್ವಿಸ್ ಆಗಿದೆ ನಂಗೆ!"

"ನೀನೇನಂದೆ?"

"ಏನನ್ಲಿ? ಒಬ್ಬಳು ಅಜ್ಜಿ ಕೂತ್ಕೊಂಡು ಅಳೋಕೆ ಶುರು ಮಾಡಿದ್ಲು. ನಾಲ್ಕು ವರ್ಷದಿಂದ ಆ ಏರು ಹತ್ತಿ ಹತ್ತಿ ಮಂಡಿ ಹೋಯ್ತಂತೆ. ನಮ್ಮ ಆಯಮ್ಮನ ಮುಖ ನೆನಪಾಯ್ತು ಕಣ್ರೀ. ರೈಟ್ ಅಂದೆ."

ಹದಿನಾಲ್ಕರ ಜನರನ್ನು ಅವರ ಜಾಗಗಳಲ್ಲಿ ಇಳಿಸಿ, ಬಸ್ಸು ಗುಡ್ಡ ಹತ್ತಿ, ಕಾಲೋನಿಯವರನ್ನು ಇಳಿಸಿ, ಮುಕ್ಕಾಲು ಗಂಟೆ ತಡವಾಗಿ ಡಿಪೋಕ್ಕೆ ಬಂತು. ಗೇಟಿನಲ್ಲಿ ಟೈಂಕೀಪರನಿಗೆ 'ಏಳು ನಿಮಿಷ ಲೇಟು' ಎಂಬ ಎಂದಿನ ಮಾತು ಸಾಲದೆ ಹೋಯಿತು.

ಮ್ಯಾನೇಜರು ಎಲ್ಲರನ್ನೂ ಕರೆಸಿದರು. ಡ್ರೈವರು, ಕಂಡಕ್ಟರಮ್ಮ, ಪೈಪಕ್ಕ, ಸ್ಟೋರಿನವರು, ಅರ್ಜಿ ಬರೆದ ನಾನು, ಕೊನೆಯಲ್ಲಿ ಆಯಮ್ಮ. "ಒಬ್ಬೊಬ್ಬರಾಗಿ ಹೇಳಿ, ಯಾರ ತಪ್ಪು?" ಎಂದರು.

ಯಾರೂ ಬಾಯಿ ಬಿಡುವ ಮೊದಲೇ ಆಯಮ್ಮ ಮುಂದೆ ಬಂದಳು. "ನಂದೇ ಸಾರ್. ಇವರನ್ನೆಲ್ಲ ಬಿಟ್ಟುಬಿಡಿ. ನಾಳೆಯಿಂದ ಕಟ್ಟೆಗೆ ಹೋಗು ಅಂದ್ರೆ ಹೋಗ್ತೀನಿ. ಆದ್ರೆ ಪರೀಕ್ಷೆವರೆಗೆ ಬೋರ್ಡು ತೆಗೆಸಬೇಡಿ. ಮಕ್ಕಳಿಗೆ ಈಗ ತಾನೇ ನಂಬಿಕೆ ಬಂದಿದೆ."

ಮ್ಯಾನೇಜರು, "ಪರೀಕ್ಷೆ ಆಗ್ಲಿ, ಆಮೇಲೆ ಎಲ್ಲದಕ್ಕೂ ಸೇರಿಸಿ ನೋಡ್ತೀನಿ" ಎಂದು ಕಳಿಸಿಬಿಟ್ಟರು.

ಗುಡ್ಡದವರು ಸುಮ್ಮನಿರುವ ಜನವಲ್ಲ. ಮಾರನೆಯ ದಿನವೂ ಅದೇ ಸ್ಟಾಪಿನಲ್ಲಿ ಮೂರರ ಬಸ್ಸಿಗೆ ಕಾದು ನಿಂತರು. ಅದರ ಮಾರನೆಯ ದಿನ, ಬಸ್ಸನ್ನು ಮತ್ತೆ ಬಿಟ್ಟಿದ್ದಕ್ಕೆ ಧನ್ಯವಾದ ಎಂದು ಅರವತ್ತು ಜನರ ಸಹಿ ಹಾಕಿಸಿ ಮೇಲಿನ ಆಫೀಸಿಗೆ ಕಾಗದ ಕೊಟ್ಟರು. ಮೇಲಿನ ಆಫೀಸಿನಿಂದ ನಮ್ಮ ಮ್ಯಾನೇಜರಿಗೆ ಫೋನು ಬಂತು. ಜನರ ಕಷ್ಟ ನೋಡಿ ನೀವಾಗಿಯೇ ಮುಂದಾಳತ್ವ ವಹಿಸಿದ್ದೀರಿ, ಬಹಳ ಸಂತೋಷ ಎಂದರು. ನಾನು ಎದುರಿಗೇ ಇದ್ದೆ. ಮ್ಯಾನೇಜರು ಮೊದಲು ಬೆವರಿದರು, ಆಮೇಲೆ ಕುರ್ಚಿಗೆ ಒರಗಿದರು. ಕೊನೆಗೆ, "ನಮ್ಮ ಕರ್ತವ್ಯ ಸಾರ್" ಎಂದರು. ಮೂರು ನಂಬರಿನ ಬಸ್ಸು ದಿನಕ್ಕೆ ಒಂದು ಟ್ರಿಪ್ಪು ಗುಡ್ಡಕ್ಕೆ ಹೋಗಲಿ ಎಂದು ಆ ಮಧ್ಯಾಹ್ನವೇ ನನ್ನಿಂದ ಆದೇಶ ಟೈಪು ಮಾಡಿಸಿದರು. ಆಯಮ್ಮನ ವಿಷಯ ಮಾತ್ರ ಎತ್ತಲಿಲ್ಲ. ಅವಳ ಕೋಣೆ ಇನ್ನೂ ಪರೀಕ್ಷೆಯ ಮೇಲೆಯೇ ನಿಂತಿತ್ತು.

ಪರೀಕ್ಷೆಯ ದಿನ ದೊಡ್ಡ ಮೇಡಂ ಮಕ್ಕಳನ್ನು ಶಾಲೆಗೆ ಕರೆಸಲಿಲ್ಲ. ಎಲ್ಲಿ ಕಲಿಯುತ್ತಾರೋ ನೋಡಬೇಕು ಎಂದು ತಾವೇ ಡಿಪೋಕ್ಕೆ ಬಂದರು. ಬಾಗಿಲಲ್ಲಿ ಲೇಟಮ್ಮ ನಿಂತಿದ್ದಳು. "ಏಳು ನಿಮಿಷ ಲೇಟು" ಎಂದಳು. ಮೇಡಂ ನಿಜವಾಗಿಯೂ ಇಪ್ಪತ್ತು ನಿಮಿಷ ತಡವಾಗಿದ್ದರು, ಆದ್ದರಿಂದ "ಸಾರಿ" ಎಂದರು. ಹೊಸಿಲಲ್ಲಿ ನಿಂತು ಕೋಣೆಯನ್ನು ನೋಡುತ್ತಿರುವಾಗ ಬೆನ್ನಿಗೆ ಎರಡು ಪುಟ್ಟ ಅಂಗೈ ತಾಗಿದವು. "ಮುಂದ್ಹೋಗಿ ಮೇಡಂ, ಒಳಗೆ ಜಾಗ ಐತೆ." ಮೇಡಂ ಮುಂದೆ ಹೋದರು. ಅವರ ಹಿಂದೆ ಮ್ಯಾನೇಜರೂ ಹೋದರು.

ಆಯಮ್ಮ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರು ಮುಗಿದು ಬಹಳ ಹೊತ್ತಾಗಿತ್ತು.

"ಎಣಿಸು ಪುಟ್ಟಿ" ಎಂದರು ಮೇಡಂ.

"ಒಂದು, ಎರಡು, ಮೂರು, ನಾಲ್ಕು, ಐದು..." ಲೇಟಮ್ಮ ನಿಂತಳು. ಕಿಟಕಿಯ ಕಡೆ ನೋಡಿದಳು. ಆ ಹೊತ್ತಿಗೆ ಅಲ್ಲಿ ಯಾವ ಬಸ್ಸೂ ಇರಲಿಲ್ಲ. ಆಯಮ್ಮ ತುಟಿ ಅಲ್ಲಾಡಿಸಲಿಲ್ಲ, ಕಣ್ಣು ಮುಚ್ಚಿಕೊಂಡಳು.

"ಆರು" ಎಂದಳು ಲೇಟಮ್ಮ. "ಅದು ಸೇತುವೆ ಆದ್ಮೇಲೆ ಬರತ್ತೆ ಮೇಡಂ. ಏಳು, ಎಂಟು, ಒಂಬತ್ತು, ಹತ್ತು." ಆಮೇಲೆ ತಡೆಯಲು ಯಾರಿಂದಲೂ ಆಗಲಿಲ್ಲ, ಇಪ್ಪತ್ತರವರೆಗೆ ಹೋದಳು.

ಮೇಡಂ ಒಂದು ಕಾಗದದಲ್ಲಿ ಗುರುತು ಹಾಕಿಕೊಂಡರು. "ನಾಲ್ಕಾದ ಮೇಲೆ ಏನು ಬರತ್ತೆ?"

"ನಿಮ್ಮ ಸ್ಕೂಲಲ್ಲಿ ಐದು. ನಮ್ಮಲ್ಲಿ ನಾಲ್ಕು ಎ."

"ಎರಡಕ್ಕೂ ಏನು ವ್ಯತ್ಯಾಸ?"

ಉತ್ತರ ಹೇಳಿದವನು ರಿವರ್ಸು. "ನಾಲ್ಕು, ನಾಲ್ಕು ಎ ಒಂದೇ ದಾರೀಲಿ ಹೋಗತ್ತೆ. ಕೊನೇಲಿ ಬೇರೆ ಆಗತ್ತೆ. ಐದು ಬೇರೆ ದಾರಿ. ನಾನು ಐದು, ನನ್ನ ತಂಗಿ ಐದು ಎ." ತಂಗಿ ತನ್ನ ಮೊಳೆಯ ಕೆಳಗೆ ಬೆರಳು ಚೀಪುತ್ತಾ ಕೂತಿದ್ದಳು.

ಮೇಡಂ ಬರೆಯುವುದನ್ನು ನಿಲ್ಲಿಸಿದರು. ಆಮೇಲೆ ಆ ದಿನ ಬಂದಿದ್ದ ಹತ್ತು ಮಕ್ಕಳು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ತೋರಿಸಿ, "ಅಲ್ಲಿ ಎಷ್ಟಿವೆ ಎಣಿಸಿಕೊಂಡು ಬಾ" ಎಂದು ಮುಂದ್ಹೋಗಿಯನ್ನು ಕಳಿಸಿದರು. ಅವಳು ಪ್ರತಿ ಚಪ್ಪಲಿಯನ್ನೂ ಮುಂದಕ್ಕೆ ತಳ್ಳಿ ತಳ್ಳಿ ಎಣಿಸಿ ಬಂದು, "ಹತ್ತೊಂಬತ್ತು. ಒಂದು ಕಮ್ಮಿ ಇದೆ" ಎಂದಳು. ಕಮ್ಮಿಯಾದದ್ದು ಮೇಜಿನಡಿ ಮಲಗಿದ್ದ ಮೆಕ್ಯಾನಿಕ್ಕನ ಮಗನ ಕೈಯಲ್ಲಿತ್ತು. ಅವನು ಅದನ್ನು ರಿಪೇರಿ ಮಾಡುತ್ತಿದ್ದ.

"ಯಾರು ಕಲಿಸಿದ್ದು ಇವರಿಗೆ?" ಎಂದು ಮೇಡಂ ಕೇಳಿದರು.

ಆಯಮ್ಮ ಕೈಯ ಬಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟಳು. ಕಂಡಕ್ಟರಮ್ಮ ಡ್ಯೂಟಿ ಬಿಟ್ಟು ಬಾಗಿಲಲ್ಲಿ ಬಂದು ನಿಂತಿದ್ದಳು. "ನಮ್ಮ ಆಯಮ್ಮ ಮೇಡಂ" ಎಂದಳು, ಬಸ್ಸಿನ ಕೊನೆಯ ಸೀಟಿಗೂ ಕೇಳುವಂಥ ದನಿಯಲ್ಲಿ.

ಮೇಡಂ ಮೂವರನ್ನೂ ಸೇರಿಸಿಕೊಂಡರು. ಹೋಗುವಾಗ ಮ್ಯಾನೇಜರಿಗೆ, "ತರಬೇತಿ ಆದವರು ವಾರಕ್ಕೆ ಎರಡು ದಿನ ಬಂದು ಹೋಗ್ಲಿ, ಇವರನ್ನ ಮಾತ್ರ ಬದಲಾಯಿಸಬೇಡಿ. ಬರುವವರಿಗೂ ಕಲಿಯೋದಕ್ಕೆ ಇದೆ" ಎಂದು ಹೇಳಿ ಹೋದರು.

ಆಯಮ್ಮನನ್ನು ಮಕ್ಕಳ ಕೋಣೆಯಲ್ಲಿಯೇ ಮುಂದುವರಿಸಲಾಗಿದೆ ಎಂಬ ಆದೇಶವನ್ನು ನಾನು ಟೈಪು ಮಾಡಿದೆ. ಮ್ಯಾನೇಜರು ಸಹಿ ಹಾಕಿ ಅವಳ ಕೈಗೆ ಕೊಟ್ಟರು. ಅವಳು ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಸೀಲು ಬಿದ್ದಿದೆಯೇ ಎಂದು ಬೆರಳಾಡಿಸಿ ನೋಡಿದಳು. ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದು ತಿಂಗಳಿಂದ ಆಫೀಸಿಗೆ ಬಂದರೆ ನಿಂತೇ ಮಾತಾಡಿ ಹೋಗುತ್ತಿದ್ದವಳು ಈಗ ಕುರ್ಚಿ ಎಳೆದುಕೊಂಡು ಕೂತಳು.

"ಇನ್ನೇನು ಆಯಮ್ಮ?" ಎಂದರು ಮ್ಯಾನೇಜರು.

"ಕಿಟಕಿ ಒಂದಡಿ ಕೆಳಗಿಳಿಸಬೇಕು ಸಾರ್. ದೊಡ್ಡವಕ್ಕೆ ಬೋರ್ಡು ಕಾಣತ್ತೆ. ನಾಲ್ಕು ವರ್ಷದವಕ್ಕೆ ತುದಿಗಾಲಲ್ಲಿ ನಿಂತ್ರೂ ಬಸ್ಸಿನ ನೆತ್ತಿ ಮಾತ್ರ ಕಾಣತ್ತೆ, ಅದ್ರಲ್ಲಿ ಏನು ಬರೆದಿದೆ? ಮುಂದಿನ ವರ್ಷ ಅವು ತಾನೇ ಶಾಲೆಗೆ ಹೋಗೋದು."

"ಗೋಡೆ ಒಡೆಯೋದು ನನ್ನ ಕೈಲಿಲ್ಲ. ಮೇಲಿನ ಆಫೀಸಿಗೆ ಬರೀಬೇಕು."

"ಹಾಗಾದ್ರೆ ಎರಡು ಬೆಂಚು ಕೊಡಿಸಿ, ಹತ್ತಿಸಿ ನಿಲ್ಲಿಸ್ತೀನಿ. ಗೋಡೆಗೂ ಬರೀರಿ, ಬೆಂಚಿಗೂ ಬರೀರಿ." ನನ್ನ ಕಡೆ ತಿರುಗಿದಳು. "ಟೈಪಪ್ಪ, ಹಾಳೆ ಹಾಕು."

ಮ್ಯಾನೇಜರು ಹೆದರಿಕೆಯನ್ನು ತೋರಿಸಿಕೊಳ್ಳದೆ ತಲೆಯಾಡಿಸಿದರು. ನಾನು ಹಾಳೆ ಹಾಕಿದೆ.